ಕೋವಿ ನಮ್ಮದು, ಕರೆ ಯಾರದು?

ಉತ್ತರ ವರ್ಜೀನಿಯಾದ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಅಣ್ಣಂದಿರೇ, ಅಕ್ಕಂದಿರೇ, ಗೆಳೆಯರೇ,

ನಮಸ್ಕಾರ. ಯುಗಾದಿಯ ದಿನ ನಾವೆಲ್ಲ ಒಟ್ಟಿಗೆ ಕೂತು ಹೋಳಿಗೆ ಊಟ ಮಾಡಿದೆವು. ತಟ್ಟೆ ಎತ್ತುವ ಹೊತ್ತಿಗೆ ಒಂದು ಹಾಳೆ ಕೈಯಿಂದ ಕೈಗೆ ದಾಟುತ್ತಾ ನನ್ನ ಹತ್ತಿರ ಬಂತು. ಹೆಸರು, ಫೋನ್ ನಂಬರು, ಮನೆಯಲ್ಲಿ ಯಾವ ಬಂದೂಕು ಇದೆ, ಜಾಕೆಟ್ಟಿನ ಅಳತೆ ಎಷ್ಟು ಅಂತ ನಾಲ್ಕು ಕಾಲಂ. ಮೇಲುಗಡೆ ದಪ್ಪ ಅಕ್ಷರದಲ್ಲಿ 'ನಮ್ಮ ಮಿಲಿಷಿಯಾ' ಅಂತ ಬರೆದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಇದು ಅಮೆರಿಕದ ಸಂವಿಧಾನ ನಮಗೆ ಕೊಟ್ಟ ಹಕ್ಕು. ಮಿಲಿಷಿಯಾ ಅಂದರೆ ಬಂದೂಕು ಹಿಡಿದ ನಾಗರಿಕರ ಪಡೆ. ನಮ್ಮ ಮನೆ, ದೇವಸ್ಥಾನ ಕಾಯಲು ಅಂಥದ್ದೊಂದು ಕಟ್ಟೋಣ ಅನ್ನುವುದು ಹಾಳೆಯ ತಾತ್ಪರ್ಯ. ನನ್ನ ಕೈಗೆ ಬರುವಷ್ಟರಲ್ಲಿ 14 ಸಹಿ ಬಿದ್ದಿತ್ತು.

ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಹೇಳಲೂ ಇಲ್ಲ. ಹಬ್ಬದ ದಿನ ಮಾತು ಬೆಳೆಸುವುದು ಬೇಡ ಅನ್ನಿಸಿ ಸುಮ್ನೆ ಪಕ್ಕದವರಿಗೆ ದಾಟಿಸಿದೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಬರುವ ತಿಂಗಳ ಸಭೆಯಲ್ಲಿ ಇದನ್ನು ತೀರ್ಮಾನ ಮಾಡುತ್ತೀರಿ ಅಂತ ಕೇಳಿದೆ. ಅದಕ್ಕೆ ಮೊದಲು ನನ್ನ ಮಾತು ಎಲ್ಲರಿಗೂ ಮುಟ್ಟಲಿ ಅಂತ ಈ ಪತ್ರ.

ಹಾಳೆ ತಂದ ಅಣ್ಣನವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಕಾರು ಓಡಿಸುವುದನ್ನು ಕಲಿಸಿದವರು ಅವರು. ಅವರ ಮನೆಗೆ ಕಳ್ಳರು ನುಗ್ಗಿದ ಮರುದಿನ ನಾನೂ ಹೋಗಿದ್ದೆ. ಅಡುಗೆಮನೆಯ ನೆಲದ ತುಂಬ ಅಕ್ಕಿ. ನಮ್ಮವರು ಚಿನ್ನವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾರೆ ಅನ್ನುವುದು ಕಳ್ಳರಿಗೂ ಗೊತ್ತಾಗಿದೆ. ಸೋನಾ ಮಸೂರಿ ಚೀಲ ಬಗ್ಗಿಸಿ, ಅದರ ಮೇಲೆ ಬೂಟುಗಾಲಲ್ಲಿ ಓಡಾಡಿದ್ದರು. ಅತ್ತಿಗೆ ಆ ಅಕ್ಕಿಯನ್ನು ಗುಡಿಸಲೂ ಆಗದೆ, ತುಳಿಯಲೂ ಮನಸ್ಸಾಗದೆ ಬಾಗಿಲಲ್ಲೇ ನಿಂತಿದ್ದರು. ಅವರ ಅಮ್ಮ ಕೊಟ್ಟ ಅವಲಕ್ಕಿ ಸರ ಹೋಗಿತ್ತು. ಪೊಲೀಸರು ಬಂದರು, ಬರೆದುಕೊಂಡು ಹೋದರು. ಸರ ಇನ್ನೂ ಸಿಕ್ಕಿಲ್ಲ. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಒಬ್ಬನೇ ನುಗ್ಗಿ ಆರು ಜನರನ್ನು ಗುಂಡಿಟ್ಟು ಕೊಂದದ್ದನ್ನೂ ನಾವ್ಯಾರೂ ಮರೆತಿಲ್ಲ. ಭಯ ಸುಳ್ಳಲ್ಲ. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ.

ನಾನು ಬಂದೂಕು ಕಂಡರೆ ಬೆಚ್ಚುವವಳೂ ಅಲ್ಲ. ನಮ್ಮದು ಕೊಡಗು. ಕೈಲ್ ಪೊಳ್ದ್ ಹಬ್ಬಕ್ಕೆ ಅಜ್ಜ ಕೋವಿ ಒರೆಸಿ, ಎಣ್ಣೆ ಹಚ್ಚಿ, ದೀಪದ ಮುಂದೆ ಇಡುತ್ತಿದ್ದರು. ಬೇಲಿಯಿಂದ ತೋಕ್ ಪೂ ಕಿತ್ತು ತರುವುದು ಮಕ್ಕಳ ಕೆಲಸ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ಬೆಂಕಿಯ ನಾಲಗೆಯ ಹಾಗೆ ಕೆಂಪು ಹಳದಿ ಎಸಳು. ಅದನ್ನು ನಳಿಗೆಯ ತುದಿಗೆ ಸಿಕ್ಕಿಸಿ ಕೈಮುಗಿಯುತ್ತಿದ್ದೆವು. ಪೂಜೆ ಮುಗಿಯುವ ತನಕ ಕೋವಿಯನ್ನು ಅಜ್ಜನೂ ಮುಟ್ಟುತ್ತಿರಲಿಲ್ಲ.

ಕೊಡಗಿನವರಿಗೆ ಕೋವಿಗೆ ಲೈಸೆನ್ಸ್ ಬೇಡವಂತೆ, ಹೌದಾ ಅಂತ ನಿಮ್ಮಲ್ಲಿ ಸುಮಾರು ಜನ ನನ್ನನ್ನು ಕೇಳಿದ್ದೀರಿ. ಹೌದು, 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಅದು. ಇವತ್ತಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಜಮ್ಮಾ ಅಂದರೆ ಏನು ಅಂತ ಯಾರೂ ಕೇಳುವುದಿಲ್ಲ. ರಾಜರ ಕಾಲದಲ್ಲಿ ಕಡಿಮೆ ಕಂದಾಯಕ್ಕೆ ಕೊಟ್ಟ ಭೂಮಿ ಅದು. ಬದಲಿಗೆ ರಾಜನಿಂದ ಕರೆ ಬಂದಾಗ ಆಯುಧ ಹಿಡಿದು ಹೋಗಬೇಕಿತ್ತು. ಗದ್ದೆಯ ಜೊತೆಗೆ ಆ ಋಣವೂ ತಲೆಮೇಲೆ ಇರುತ್ತಿತ್ತು.

ಮಿಲಿಷಿಯಾ ಅನ್ನುವ ಮಾತನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಯಾರ ಹತ್ತಿರ ಬಂದೂಕು ಇದೆ ಅನ್ನುವುದು ಆಮೇಲಿನ ವಿಷಯ. ಕರೆಯುವವರು ಯಾರು, ತಪ್ಪಾದರೆ ಯಾರಿಗೆ ಲೆಕ್ಕ ಕೊಡಬೇಕು ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಆ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹಾಳೆಯಲ್ಲಿ ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯ ಅರ್ಧ ಮಾತ್ರ ಇತ್ತು. 1791ರ ಆ ಒಂದೇ ವಾಕ್ಯವನ್ನು ಪೂರ್ತಿ ಕನ್ನಡದಲ್ಲಿ ಹೇಳುವುದಾದರೆ ಹೀಗಾಗುತ್ತದೆ: ಸ್ವತಂತ್ರ ರಾಜ್ಯದ ಭದ್ರತೆಗೆ ಚೆನ್ನಾಗಿ ಕಟ್ಟುಪಾಡಿಗೆ ಒಳಪಟ್ಟ ಮಿಲಿಷಿಯಾ ಅಗತ್ಯವಾದ್ದರಿಂದ, ಆಯುಧ ಇಟ್ಟುಕೊಳ್ಳುವ ಮತ್ತು ಹೊರುವ ಜನರ ಹಕ್ಕಿಗೆ ಧಕ್ಕೆ ಬರಬಾರದು. ಮೊದಲ ಅರ್ಧ ಬಿಟ್ಟರೆ ಮಿಲಿಷಿಯಾ ಅನ್ನುವ ಪದವೇ ಬಿಟ್ಟುಹೋಗುತ್ತದೆ. ಆಮೇಲೆ ಅದೇ ಪದವನ್ನು ಹಾಳೆಯ ತಲೆಗೆ ಕಟ್ಟಿದರೆ ಹೇಗೆ?

ಅದಕ್ಕೂ ಮುಂಚೆ, 1787ರಲ್ಲಿ ಬರೆದ ಮೂಲ ಸಂವಿಧಾನದಲ್ಲೇ ಮಿಲಿಷಿಯಾದ ಮಾತು ಬರುತ್ತದೆ. ಅದು ಬರುವುದು ಹಕ್ಕುಗಳ ಜಾಗದಲ್ಲಲ್ಲ, ಕಾಂಗ್ರೆಸ್ಸಿನ, ಅಂದರೆ ಇಲ್ಲಿಯ ಸಂಸತ್ತಿನ, ಅಧಿಕಾರಗಳ ಪಟ್ಟಿಯಲ್ಲಿ. ಮಿಲಿಷಿಯಾವನ್ನು ಕರೆಯುವವರು ಯಾರು ಅಂತ ಅಲ್ಲಿ ಸ್ಪಷ್ಟವಾಗಿದೆ. ಯಾವಾಗ ಕರೆಯಬಹುದು ಅನ್ನುವುದೂ ಇದೆ: ಒಕ್ಕೂಟದ ಕಾನೂನು ಜಾರಿಗೆ, ದಂಗೆ ಅಡಗಿಸಲು, ಹೊರಗಿನ ದಾಳಿ ತಡೆಯಲು. ಆಯುಧ, ಶಿಸ್ತು, ಸಂಘಟನೆಯ ನಿಯಮ ಕಾಂಗ್ರೆಸ್ಸಿನದು. ಅಧಿಕಾರಿಗಳ ನೇಮಕ, ತರಬೇತಿ ರಾಜ್ಯಗಳದು. ಒಕ್ಕೂಟದ ಸೇವೆಗೆ ಕರೆದಾಗ ಅದರ ದಂಡನಾಯಕ ಅಧ್ಯಕ್ಷ. ನಾನಾಗಿಯೇ ಹೊರಡುತ್ತೇನೆ ಅನ್ನುವವನಿಗೆ ಅಲ್ಲಿ ಎಲ್ಲೂ ಜಾಗ ಇಲ್ಲ.

1792ರ ಮಿಲಿಷಿಯಾ ಕಾಯ್ದೆಯನ್ನು ಓದಿದರೆ ಹಳೇ ಕಾಲದ ಮನೆಯ ಸಾಮಾನಿನ ಪಟ್ಟಿಯ ಹಾಗಿದೆ. ಒಂದು ಒಳ್ಳೆಯ ಮಸ್ಕೆಟ್ ಬಂದೂಕು, ಬಯೊನೆಟ್ಟು, ಅದಕ್ಕೊಂದು ಬೆಲ್ಟು, ಕಿಡಿ ಹೊತ್ತಿಸಲು ಎರಡು ಹೆಚ್ಚುವರಿ ಚಕಮಕಿ ಕಲ್ಲು, ಬೆನ್ನಿಗೊಂದು ಚೀಲ, ಕನಿಷ್ಠ 24 ತೋಟೆ ಹಿಡಿಸುವ ಪೆಟ್ಟಿಗೆ. ಎಲ್ಲವನ್ನೂ ಸ್ವಂತ ದುಡ್ಡಲ್ಲಿ ಕೊಂಡು ಇಟ್ಟುಕೊಳ್ಳಬೇಕು, ಕವಾಯತಿಗೆ ಕರೆದಾಗ ತರಬೇಕು. ಅಂದರೆ ಮನೆಯ ಬಂದೂಕಿನ ಮೇಲೆ ಸರ್ಕಾರದ ಕಣ್ಣಿತ್ತು. ಆ ಕಾಯ್ದೆ ಬಿಳಿಯ ಗಂಡಸರಿಗೆ ಮಾತ್ರ ಅನ್ನುವುದನ್ನೂ ನೆನಪಿಡಬೇಕು. ವರ್ಜೀನಿಯಾದಲ್ಲಿ ಮಿಲಿಷಿಯಾ ಅಂದರೆ ಎಷ್ಟೋ ಸಲ ಗುಲಾಮರನ್ನು ಹಿಡಿದು ತರುವ ಗಸ್ತು. ಆ ಕಥೆ ಇನ್ನೊಂದು ಪತ್ರದಷ್ಟು ದೊಡ್ಡದು.

1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ವಿಸ್ಕಿ ತೆರಿಗೆಯ ವಿರುದ್ಧ ಬಂದೂಕು ಹಿಡಿದು ಎದ್ದರು. ತಾವೇ ಜನರ ಸೇನೆ ಅಂತ ಅವರೂ ನಂಬಿದ್ದರು. ಜಾರ್ಜ್ ವಾಷಿಂಗ್ಟನ್ ನಾಲ್ಕು ರಾಜ್ಯಗಳಿಂದ ಸುಮಾರು 13,000 ಮಿಲಿಷಿಯಾ ಜನರನ್ನು ಕರೆಸಿದರು. ಅವರ ಮುಂದಾಳು ಆಗಿನ ವರ್ಜೀನಿಯಾ ಗವರ್ನರ್ ಹೆನ್ರಿ ಲೀ. ಸಂವಿಧಾನ ಬರೆದವರು ಬದುಕಿದ್ದ ಕಾಲದಲ್ಲೇ, ಎರಡು ಕಡೆಯೂ ಬಂದೂಕು ಹಿಡಿದ ನಾಗರಿಕರೇ ಇದ್ದಾಗ, ಯಾರು ಮಿಲಿಷಿಯಾ ಯಾರು ದಂಗೆಕೋರರು ಅನ್ನುವುದು ಹೀಗೆ ತೀರ್ಮಾನ ಆಯಿತು.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಹರ್ಮನ್ ಪ್ರೆಸರ್ ಅನ್ನುವವರ ಕೇಸು. ಅವರು ನಮ್ಮ ಹಾಗೆ ವಲಸೆ ಬಂದವರ ಸಮುದಾಯದವರು. ಶಿಕಾಗೋದ ಜರ್ಮನ್ ಕಾರ್ಮಿಕರು ಆಗ ಒಂದು ಸಂಘ ಕಟ್ಟಿಕೊಂಡಿದ್ದರು. ಮುಷ್ಕರ ಮಾಡಿದರೆ ಪೊಲೀಸರು ಹೊಡೆಯುತ್ತಾರೆ, ನಮ್ಮನ್ನು ಕಾಯುವವರು ಯಾರೂ ಇಲ್ಲ ಅನ್ನುವುದು ಅವರ ಅಳಲು. ಸುಳ್ಳು ಅಳಲಲ್ಲ. 1879ರ ಸೆಪ್ಟೆಂಬರಿನಲ್ಲಿ ಒಂದು ದಿನ ಸುಮಾರು 400 ಜನ ರೈಫಲ್ ಹೊತ್ತು ಶಿಕಾಗೋದ ಬೀದಿಯಲ್ಲಿ ಸಾಲಾಗಿ ನಡೆದರು. ಪ್ರೆಸರ್ ಕುದುರೆ ಏರಿ, ಕೈಯಲ್ಲಿ ಕತ್ತಿ ಹಿಡಿದು ಮುಂದೆ ಇದ್ದರು. ಗವರ್ನರ್ ಅನುಮತಿ ಇರಲಿಲ್ಲ. 10 ಡಾಲರ್ ದಂಡ ಬಿತ್ತು. ಎರಡನೇ ತಿದ್ದುಪಡಿ ನಮ್ಮ ಕಡೆ ಇದೆ ಅಂತ ಅವರು ಸುಪ್ರೀಂ ಕೋರ್ಟಿನ ತನಕ ಹೋದರು. 1886ರಲ್ಲಿ ಕೋರ್ಟು ಒಪ್ಪಲಿಲ್ಲ. ಸರ್ಕಾರದ ಅನುಮತಿ ಇಲ್ಲದೆ ಸೇನೆಯ ಹಾಗೆ ಗುಂಪು ಕಟ್ಟಿ ಕವಾಯತು ಮಾಡುವುದನ್ನು ರಾಜ್ಯ ತಡೆಯಬಹುದು ಅಂತ ಹೇಳಿತು.

ಕೆಲವರು ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪಿನ ಹೆಸರು ಎತ್ತುತ್ತೀರಿ. ಸರಿ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ಒಬ್ಬೊಬ್ಬ ವ್ಯಕ್ತಿಯ ಹಕ್ಕು, ಅದಕ್ಕೆ ಮಿಲಿಷಿಯಾದಲ್ಲಿ ಇರಬೇಕಾಗಿಲ್ಲ ಅಂತ ಆ ತೀರ್ಪು ಹೇಳಿದೆ. ಅಣ್ಣನವರ ಮನೆಯ ಬೀರುವಿನಲ್ಲಿರುವ ಬಂದೂಕಿನ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಆದರೆ ಅದೇ ತೀರ್ಪು ಪ್ರೆಸರ್ ಕೇಸನ್ನು ಹಾಗೇ ಉಳಿಸಿತು. ಖಾಸಗಿ ಸೇನೆಯ ಮೇಲಿನ ನಿಷೇಧ ಅಲುಗಾಡಲಿಲ್ಲ. ಮನೆಯ ಬಂದೂಕು ಹಕ್ಕು ಆಯಿತು ಅಂತ 14 ಬಂದೂಕು ಸೇರಿ ಒಂದು ಮಿಲಿಷಿಯಾ ಆಗುವುದಿಲ್ಲ.

ಈಗ ನಮ್ಮ ವರ್ಜೀನಿಯಾಕ್ಕೆ ಬರೋಣ. ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯಲ್ಲೇ ಇರುವ ಗನ್‌ಸ್ಟನ್ ಹಾಲ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಆ ಮನೆಯ ಯಜಮಾನ ಜಾರ್ಜ್ ಮೇಸನ್ 1776ರಲ್ಲಿ ವರ್ಜೀನಿಯಾ ಹಕ್ಕುಗಳ ಘೋಷಣೆ ಬರೆದರು. ಅದರ 13ನೇ ಕಲಮು ಇವತ್ತಿಗೂ ರಾಜ್ಯದ ಸಂವಿಧಾನದಲ್ಲಿದೆ. ತರಬೇತಿ ಪಡೆದ ಜನರಿಂದಲೇ ಆದ ಮಿಲಿಷಿಯಾ ಸ್ವತಂತ್ರ ರಾಜ್ಯಕ್ಕೆ ಸರಿಯಾದ ಕಾವಲು ಅನ್ನುತ್ತದೆ. ಕೊನೆಯಲ್ಲಿ, ಎಲ್ಲಾ ಸಂದರ್ಭದಲ್ಲೂ ಸೈನಿಕ ಬಲ ನಾಗರಿಕ ಅಧಿಕಾರದ ಕೈಕೆಳಗೆ ಕಟ್ಟುನಿಟ್ಟಾಗಿ ಇರಬೇಕು ಅನ್ನುತ್ತದೆ. ಎಲ್ಲಾ ಸಂದರ್ಭದಲ್ಲೂ. ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲೂ.

2017ರ ಆಗಸ್ಟ್ 12ರಂದು ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರೇ ಮೇಲು ಅನ್ನುವವರು ಸಭೆ ಸೇರಿದಾಗ ಏನಾಯಿತು ಅಂತ ನಿಮಗೆ ಗೊತ್ತು. ಇಲ್ಲಿಂದ ಎರಡು ಗಂಟೆಯ ದಾರಿ. ಸೈನಿಕರ ಹಾಗೆ ಬಟ್ಟೆ ತೊಟ್ಟು, ರೈಫಲ್ ನೇತುಹಾಕಿಕೊಂಡ ಗುಂಪುಗಳು ಬೀದಿಯಲ್ಲಿ ನಿಂತಿದ್ದವು. ಕೆಲವರು ತಾವು ಶಾಂತಿ ಕಾಯಲು ಬಂದವರು ಅಂದರು. ನೋಡುವ ಜನರಿಗೆ ಸರ್ಕಾರದವರು ಯಾರು, ತಮ್ಮಷ್ಟಕ್ಕೆ ಬಂದವರು ಯಾರು ಅಂತ ಗೊತ್ತಾಗುವ ಹಾಗಿರಲಿಲ್ಲ. ಆ ದಿನ, ಬಿಳಿಯರೇ ಮೇಲು ಅಂತ ಬಂದವರಲ್ಲಿ ಒಬ್ಬ 32 ವರ್ಷದ ಹೆಣ್ಣುಮಗಳೊಬ್ಬಳನ್ನು ಕಾರು ಹಾಯಿಸಿ ಕೊಂದ. ಆಮೇಲೆ ನಗರದವರು, ಅಂಗಡಿಯವರು, ಬಡಾವಣೆಯ ಸಂಘದವರು ಸೇರಿ ಆ ಸಶಸ್ತ್ರ ಗುಂಪುಗಳ ಮೇಲೆ ಕೇಸು ಹಾಕಿದರು. ಆಧಾರ ಇದೇ 13ನೇ ಕಲಮು. 2018ರಲ್ಲಿ ಒಂದಾದ ಮೇಲೊಂದು ಗುಂಪು, ಆಯುಧ ಹಿಡಿದು ಗುಂಪಾಗಿ ಇನ್ನು ಅಲ್ಲಿಗೆ ಬರುವುದಿಲ್ಲ ಅಂತ ಕೋರ್ಟಿನಲ್ಲಿ ಬರೆದುಕೊಟ್ಟವು.

ದೀಪಾವಳಿಯ ರಾತ್ರಿ ದೇವಸ್ಥಾನದ ಹೊರಗೆ ನಮ್ಮ ಹುಡುಗರು ರೈಫಲ್ ಹಿಡಿದು ನಿಂತಿದ್ದಾರೆ ಅಂದುಕೊಳ್ಳಿ. ಯಾರೋ ಹೆದರಿ 911ಕ್ಕೆ ಫೋನ್ ಮಾಡುತ್ತಾರೆ. ಕತ್ತಲಲ್ಲಿ ಬಂದ ಪೊಲೀಸನಿಗೆ ಕಾಣುವುದು ಏನು? ಕಂದು ಮೈಬಣ್ಣ, ಕೈಯಲ್ಲಿ ಬಂದೂಕು, ಎದೆಯ ಮೇಲೆ ಯಾರೂ ಕೇಳಿರದ ಹೆಸರು. ನನಗೆ ರಾತ್ರಿ ನಿದ್ದೆ ಬಾರದೇ ಇರುವುದು ಇದಕ್ಕೆ.

ಊರಿನ ಕಡೆಯ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಭಾರತದ ಸಂವಿಧಾನ ಸಭೆಯಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕು ಬೇಕು ಅಂತ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ಆ ಹಕ್ಕಿನ ಮಾತಿತ್ತು, ಅದನ್ನೇ ಅವರು ನೆನಪಿಸಿದರು. ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಂಡಿದ್ದ ಗಾಯ ಇನ್ನೂ ಹಸಿಯಾಗಿತ್ತು. 1948ರ ಡಿಸೆಂಬರಿನಲ್ಲಿ ಅಂಬೇಡ್ಕರ್ ಅದಕ್ಕೆ ಉತ್ತರ ಕೊಟ್ಟರು. ಆಯುಧ ಹೊರುವ ಹಕ್ಕಿಗಿಂತ, ದೇಶಕ್ಕೆ ಬೇಕಾದಾಗ ಹೊರುವ ಕರ್ತವ್ಯಕ್ಕೆ ಒತ್ತು ಕೊಡಬೇಕು ಅನ್ನುವುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ನಮ್ಮ 19ನೇ ವಿಧಿಯಲ್ಲಿ ಸಭೆ ಸೇರುವ ಹಕ್ಕು ಇದೆ, ಶಾಂತಿಯಿಂದ ಮತ್ತು ಆಯುಧವಿಲ್ಲದೆ.

ಇನ್ನೊಂದು ಛತ್ತೀಸಗಢದ ಬಸ್ತರಿನದು. ಅಲ್ಲಿ ಸರ್ಕಾರವೇ ಜನರ ಕೈಗೆ ಬಂದೂಕು ಕೊಟ್ಟಿತು. ಮಾವೋವಾದಿಗಳ ವಿರುದ್ಧ ಸಲ್ವಾ ಜುಡುಂ, ವಿಶೇಷ ಪೊಲೀಸ್ ಅಧಿಕಾರಿ ಅಂತ ಹೆಸರು. ಕಾಡಿನ ಊರುಗಳ ಆದಿವಾಸಿ ಹುಡುಗರು, ತಿಂಗಳಿಗೆ 3,000 ರೂಪಾಯಿ, ಸ್ವಲ್ಪ ದಿನದ ತರಬೇತಿ. 2011ರ ಜುಲೈ 5ರಂದು ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಮತ್ತು ಎಸ್. ಎಸ್. ನಿಜ್ಜರ್ ಅದನ್ನು ಸಂವಿಧಾನಕ್ಕೆ ವಿರುದ್ಧ ಅಂದರು. ಸಮಾನತೆಯ ಹಕ್ಕೂ ಬದುಕುವ ಹಕ್ಕೂ ಮುರಿದಿದೆ ಅಂದರು. ಅಂದರೆ ಸರ್ಕಾರ ಕರೆದರೆ ಎಲ್ಲ ಸರಿ ಅಂತಲೂ ನಾನು ಹೇಳುತ್ತಿಲ್ಲ. ಕರೆಯುವವರಿಗೂ ಕಟ್ಟುಪಾಡು ಬೇಕು, ಹೋಗುವವರಿಗೂ ಬೇಕು. ಅದು ಎರಡು ಕಡೆಯೂ ಇಲ್ಲದ ಊರಿನಲ್ಲಿ ಬಂದೂಕು ಮೊದಲು ತಿರುಗುವುದು ಪಕ್ಕದ ಮನೆಯ ಕಡೆಗೇ. ಬಸ್ತರಿನಲ್ಲಿ ಆದದ್ದು ಅದೇ.

ನಮ್ಮಲ್ಲಿ ಸುಮಾರು ಜನ ಕೈ ಎತ್ತಿ ಪ್ರಮಾಣ ಮಾಡಿ ಇಲ್ಲಿಯ ನಾಗರಿಕರಾದೆವು. ಆ ದಿನ ಸಣ್ಣ ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುವ ಸಡಗರದಲ್ಲಿ ಏನು ಹೇಳಿದೆವು ಅನ್ನುವುದು ಮರೆತಿರಬಹುದು. ಕಾನೂನು ಕೇಳಿದಾಗ ಈ ದೇಶದ ಪರವಾಗಿ ಆಯುಧ ಹೊರುತ್ತೇನೆ. ಕಾನೂನು ಕೇಳಿದಾಗ ನಾಗರಿಕ ಅಧಿಕಾರದ ನಿರ್ದೇಶನದಲ್ಲಿ ದೇಶಕ್ಕೆ ಮುಖ್ಯವಾದ ಕೆಲಸ ಮಾಡುತ್ತೇನೆ. ಈ ಪ್ರಮಾಣ ಮಾಡುವ ಅವಕಾಶ ನಮ್ಮವರಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಪಂಜಾಬಿನಿಂದ ವಲಸೆ ಬಂದ ಭಗತ್ ಸಿಂಗ್ ಥಿಂಡ್ 1918ರಲ್ಲಿ ಇಲ್ಲಿಯ ಸೇನೆಯ ಸಮವಸ್ತ್ರ ತೊಟ್ಟವರು. 1923ರಲ್ಲಿ ಸುಪ್ರೀಂ ಕೋರ್ಟು, ನೀವು ಬಿಳಿಯರಲ್ಲ, ನಾಗರಿಕರಾಗಲು ಆಗುವುದಿಲ್ಲ ಅಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಆಗಬಹುದು. ವರ್ಜೀನಿಯಾ ಕಾನೂನಿನ ಪ್ರಕಾರ 16ರಿಂದ 55 ವರ್ಷದ, ಮೈಯಲ್ಲಿ ಶಕ್ತಿ ಇರುವ, ಇಲ್ಲಿ ನೆಲೆಸಿರುವ ನಾಗರಿಕರೆಲ್ಲ ಈಗಾಗಲೇ ಮಿಲಿಷಿಯಾ. ಗಂಡಸರು ಹೆಂಗಸರು ಅನ್ನುವ ಭೇದ ಇಲ್ಲ. ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಒಂದು ವರ್ಗ, ವರ್ಜೀನಿಯಾ ಡಿಫೆನ್ಸ್ ಫೋರ್ಸ್ ಇನ್ನೊಂದು, ಉಳಿದವರೆಲ್ಲ ಅಸಂಘಟಿತ ಮಿಲಿಷಿಯಾ. ಅಂದರೆ ನಾನೂ ಮಿಲಿಷಿಯಾ, ನನ್ನ 16 ವರ್ಷದ ಮಗಳೂ ಮಿಲಿಷಿಯಾ. ಮಗಳಿಗೆ ಇದನ್ನು ಹೇಳಿದಾಗ ಅವಳು ಹೋಮ್‌ವರ್ಕ್ ಬಿಟ್ಟು ಎದ್ದು, "ಹಾಗಾದರೆ ನಾನು ಏನು ಮಾಡಬೇಕು?" ಅಂತ ಕೇಳಿದಳು. "ಕರೆದಾಗ ಹೋಗಬೇಕು, ಅಲ್ಲಿಯ ತನಕ ಕೈಲಾದದ್ದು ಕಲಿತಿರಬೇಕು" ಅಂದೆ. ಸಹಿಯ ಹಾಳೆ ಬೇಡವೇ ಬೇಡ. ನಮ್ಮ ಹೆಸರು ಆಗಲೇ ಅಲ್ಲಿದೆ.

ಹಾಗಾದರೆ ಕಳ್ಳರಿಗೆ ಏನು ಮಾಡುವುದು? ನನಗೆ ತೋಚಿದ್ದು ಹೇಳುತ್ತೇನೆ. ಚಿನ್ನ ಬ್ಯಾಂಕ್ ಲಾಕರಿಗೆ ಹೋಗಲಿ, ಹಬ್ಬಕ್ಕೆ ಬೇಕಾದಾಗ ತರೋಣ. ಬಡಾವಣೆಯ ಕಾವಲು ಗುಂಪನ್ನು ಕೌಂಟಿಯ ಪೊಲೀಸರ ಜೊತೆ ಸೇರಿ ಕಟ್ಟೋಣ. ಅದಕ್ಕೆ ಕಣ್ಣು, ಟಾರ್ಚು, ಫೋನು ಸಾಕು. ರಜೆಗೆ ಊರಿಗೆ ಹೋದವರ ಮನೆಯ ಮುಂದೆ ಬಿದ್ದ ಪಾರ್ಸೆಲ್ ಎತ್ತಿಡುವುದೂ ಕಾವಲೇ. ದೇವಸ್ಥಾನಕ್ಕೆ ಕ್ಯಾಮೆರಾ, ಗಟ್ಟಿ ಬಾಗಿಲು ಬೇಕು ಅಂದರೆ ಪೂಜಾಸ್ಥಳಗಳ ಭದ್ರತೆಗೆ ಫೆಡರಲ್ ಸರ್ಕಾರದ ಅನುದಾನ ಯೋಜನೆ ಇದೆ. ಅರ್ಜಿ ಬರೆಯಲು ನಾನು ಕೂರುತ್ತೇನೆ. ಹಬ್ಬದ ದಿನ ಆಯುಧ ಹಿಡಿದ ಕಾವಲುಗಾರ ಬೇಕೇ ಬೇಕು ಅನ್ನಿಸಿದರೆ ರಾಜ್ಯದಲ್ಲಿ ನೋಂದಾಯಿಸಿದವರನ್ನು ಸಂಬಳ ಕೊಟ್ಟು ಕರೆಸೋಣ. ಅವರು ತಪ್ಪು ಮಾಡಿದರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಸಮವಸ್ತ್ರ ತೊಡುವ ಆಸೆ ಇರುವ ಹುಡುಗರಿಗೆ ವರ್ಜೀನಿಯಾ ಡಿಫೆನ್ಸ್ ಫೋರ್ಸ್ ಇದೆ. ಗವರ್ನರ್ ಕೈಕೆಳಗಿನ ಸ್ವಯಂಸೇವಕರ ಪಡೆ ಅದು.

ಹಾಳೆ ತಂದ ಅಣ್ಣನವರಲ್ಲಿ ನನ್ನ ಬೇಡಿಕೆ ಒಂದೇ. ಸಭೆಗೆ ಮೊದಲು ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ. ಸಹಿ ಹಾಕಿದವರ ಹೆಸರು, ಯಾರ ಮನೆಯಲ್ಲಿ ಯಾವ ಬಂದೂಕು ಇದೆ ಅನ್ನುವ ವಿವರ ಅದರಲ್ಲಿದೆ. ಅದು ಕಳ್ಳರ ಕೈಗೆ ಸಿಕ್ಕಿದರೂ ಕಷ್ಟ, ಅಲ್ವಾ?

ಹೋದ ವರ್ಷ ನಾನು ನಮ್ಮ ಹತ್ತಿರದ ಸ್ವಯಂಸೇವಕ ಅಗ್ನಿಶಾಮಕ ಠಾಣೆಗೆ ಸೇರಿದೆ. ಮಂಗಳವಾರ ರಾತ್ರಿ ಆಂಬುಲೆನ್ಸ್ ಡ್ಯೂಟಿ. ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆ ಬಂತು. ಹೋಗಿ ನೋಡಿದರೆ ನಮ್ಮದೇ ಭಾಷೆಯ ಅಜ್ಜಿ, ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಊರಿಂದ ಮಗನ ಮನೆಗೆ ಬಂದು ಮೂರು ವಾರ ಆಗಿತ್ತಷ್ಟೆ. ಸಮವಸ್ತ್ರ ನೋಡಿ ಹೆದರಿದ್ದರು. "ಅಜ್ಜಿ, ಎಲ್ಲಿ ನೋವು?" ಅಂದೆ. ಕೈ ಗಟ್ಟಿಯಾಗಿ ಹಿಡಿದುಕೊಂಡರು, ಆಸ್ಪತ್ರೆಯ ಬಾಗಿಲ ತನಕ ಬಿಡಲಿಲ್ಲ.

ಠಾಣೆಯಲ್ಲಿ ಇನ್ನೂ ಜನ ಬೇಕಾಗಿದ್ದಾರೆ. ತರಬೇತಿ ಅವರೇ ಕೊಡುತ್ತಾರೆ. ಬರುವ ಮಂಗಳವಾರ ಸಂಜೆ ಏಳರ ಮೇಲೆ ನಾನು ಅಲ್ಲೇ ಇರುತ್ತೇನೆ. ಅಣ್ಣನವರೂ ಬನ್ನಿ, ಅತ್ತಿಗೆಯನ್ನೂ ಕರೆತನ್ನಿ. ಪಕ್ಕದ ಬಾಗಿಲಿನ ಗಂಟೆ ಒತ್ತಿದರೆ ನಾನೇ ಬಂದು ತೆಗೆಯುತ್ತೇನೆ.

ನಿಮ್ಮ ಮನೆಯ ಹುಡುಗಿ,
ಕೊಡಗಿನಿಂದ ಬಂದು ಇಲ್ಲಿ ನೆಲೆ ನಿಂತವಳು